ಕಲ್ಲುಬೈಲು ಏರಿಗೆ ತಂದ ನೀರು

ಕೋವಿಡ್ ಗದ್ದಲ ಮುಗಿದು ಜನ ಮಾಸ್ಕ್ ಮರೆಯತೊಡಗಿದ್ದ ಕಾಲ ಅದು. ನಾನು ಮೂಡಿಗೆರೆಯಲ್ಲಿ ಗ್ರಾಮೀಣ ರಸ್ತೆಗಳ ಸಹಾಯಕ ಕಾರ್ಯಪಾಲಕ ಎಂಜಿನಿಯರ್ ಆಗಿದ್ದೆ. ನಿವೃತ್ತಿಗೆ ಇನ್ನು ಕೆಲವೇ ವರ್ಷ ಬಾಕಿ ಇತ್ತು. ಚಿತ್ರದುರ್ಗದ ಬಿಸಿಲಲ್ಲಿ ಬೆಳೆದವಳು ನಾನು. ಮಲೆನಾಡಿಗೆ ವರ್ಗವಾದಾಗ ಹಳೆಯ ಕಚೇರಿಯವರೆಲ್ಲ ಸೇರಿ, ಸರ್ಕಾರದ ಸಂಬಳದಲ್ಲಿ ಪ್ರವಾಸ ಹೊರಟಿದ್ದೀರಿ ಎಂದು ಚುಡಾಯಿಸಿದ್ದರು. ಅವರಲ್ಲಿ ಒಬ್ಬರೂ ಮಲೆನಾಡಿನಲ್ಲಿ ರಸ್ತೆ ಮಾಡಿದವರಲ್ಲ. ಇಲ್ಲಿ ಅರ್ಧ ವರ್ಷ ಮಳೆ ಕೆಲಸ ಮಾಡಗೊಡುವುದಿಲ್ಲ. ಮಳೆ ನಿಂತಿತು ಅನ್ನುವಾಗ ಕಾಫಿ ಕೊಯ್ಲು ಶುರುವಾಗುತ್ತದೆ, ಆಗ ಕೂಲಿಗೆ ಒಂದು ನರಪಿಳ್ಳೆಯೂ ಸಿಗುವುದಿಲ್ಲ. ಇವೆರಡರ ಸಂದಿಯಲ್ಲಿ ಸಿಕ್ಕ ಕೆಲವು ವಾರಗಳಲ್ಲೇ ಎಲ್ಲ ಮುಗಿಯಬೇಕು.

ಕೊಟ್ಟಿಗೆಹಾರದಿಂದ ಕಳಸಕ್ಕೆ ಹೋಗುವಾಗ ಎಡಕ್ಕೆ ಒಂದು ಕವಲು ಸಿಗುತ್ತದೆ. ಅದರ ತುದಿಯಲ್ಲಿ ಗುಡ್ಡದ ಮೇಲಿರುವ ಸಣ್ಣ ಊರು ಕಲ್ಲುಬೈಲು. ಸುತ್ತಲಿನ ಕಾಫಿ ತೋಟಗಳಿಗೆ ಕೆಲಸಕ್ಕೆ ಹೋಗುವವರ ಮನೆಗಳೇ ಅಲ್ಲಿ ಹೆಚ್ಚು. ಊರಿಗೆ ಹತ್ತುವ ಕೊನೆಯ ಏರು ಎಂಟು ಅಡಿ ನಡೆದರೆ ಒಂದು ಅಡಿ ಮೇಲೇರುವಷ್ಟು ಕಡಿದು. ನಡುವೆ ಒಂದು ತಿರುವು, ತಿರುವಿನ ಬಲಕ್ಕೆ ಆಳದ ಕಣಿವೆ. ಹಳೆಯವರು ಯಾವಾಗಲೋ ಕಾಡುಗಲ್ಲು ಹಾಸಿ ಮಾಡಿದ್ದ ದಾರಿ ಅದು. ಮಳೆಗಾಲದಲ್ಲಿ ಜೀಪಿನ ಚಕ್ರಗಳಿಗೆ ಕಬ್ಬಿಣದ ಚೈನ್ ಸುತ್ತಿಕೊಂಡು ಹತ್ತುತ್ತಿದ್ದರು. ಚೈನ್ ಕಲ್ಲಿಗೆ ಬಡಿಯುವ ಸದ್ದು ಕೆಳಗಿನ ಡಾಂಬರು ರಸ್ತೆಯವರೆಗೂ ಕೇಳಿಸುತ್ತಿತ್ತು.

ಆ ಏರನ್ನು ದಿನವೂ ಹತ್ತಿಳಿಯುತ್ತಿದ್ದವನು ಸುಂದರ. ಸ್ವಂತ ಜೀಪು, ಬಾಡಿಗೆಗೆ ಓಡಿಸುತ್ತಿದ್ದ. ಅವನ ಹೆಂಡತಿ ಗಿರಿಜಾಗೆ ಎರಡೂ ಕಿಡ್ನಿ ಕೆಟ್ಟು ವಾರಕ್ಕೆ ಎರಡು ಸಲ ಮೂಡಿಗೆರೆ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಆಗಬೇಕಿತ್ತು. ಯಂತ್ರದ ಮೂಲಕ ರಕ್ತ ಶುದ್ಧ ಮಾಡಿಸಿಕೊಂಡು, ಸುಸ್ತಾಗಿ, ಆ ಕಲ್ಲಿನ ಏರಿನಲ್ಲಿ ಕುಲುಕಾಡಿಕೊಂಡು ಮನೆ ಸೇರುವುದೆಂದರೆ ಏನು ಎಂಬುದು ನನಗೆ ಅವಳನ್ನು ನೋಡುವವರೆಗೆ ಗೊತ್ತಿರಲಿಲ್ಲ. ಸರ್ವೆಗೆ ಹೋಗಿದ್ದ ದಿನ ಅವಳು ಜೀಪಿನ ಮುಂದಿನ ಸೀಟಿನಲ್ಲಿ, ಮಡಿಲಲ್ಲಿ ದಿಂಬು ಅವುಚಿಕೊಂಡು ಕೂತಿದ್ದಳು. ನಲವತ್ತೂ ದಾಟಿರದ ಹೆಂಗಸು, ಮುಖ ಮಾತ್ರ ಬಾಡಿಹೋಗಿತ್ತು. ನಗು ಬಿಟ್ಟಿರಲಿಲ್ಲ.

"ಚೈನ್ ಸದ್ದಿಲ್ದೆ ಒಂದಿನ ಮನೆಗೆ ಹೋಗ್ಬೇಕು ಮೇಡಂ. ಅಷ್ಟೇ ಸಾಕು ನಂಗೆ," ಎಂದಳು.

ಆಗಲಿ ಎಂದೆ. ಎಂಜಿನಿಯರುಗಳು ಹಾಗೆ ಸುಲಭವಾಗಿ ಆಗಲಿ ಅನ್ನುತ್ತೇವೆ. ಮಂಜೂರಾತಿ ಬಂದಿತ್ತು, ನಕ್ಷೆ ಸಿದ್ಧವಿತ್ತು, ಮಾತು ಕೊಡಲು ಅಡ್ಡಿಯೇನೂ ಕಾಣಲಿಲ್ಲ.

ಇಲ್ಲಿ ಡಾಂಬರು ನಿಲ್ಲುವುದಿಲ್ಲ. ನೀರು ಡಾಂಬರಿನ ಶತ್ರು, ಮತ್ತು ಕಳಸದ ಕಡೆ ಬೀಳುವ ಮಳೆಯ ಲೆಕ್ಕವನ್ನು ಬಯಲುಸೀಮೆಯವರಿಗೆ ಹೇಳಿದರೆ ನಂಬುವುದೇ ಇಲ್ಲ. ಆದ್ದರಿಂದ ಕಾಂಕ್ರೀಟ್ ರಸ್ತೆ ಎಂದು ನಿರ್ಧರಿಸಿದೆವು. ಕಾಂಕ್ರೀಟ್ ರಸ್ತೆ ಭಾರಕ್ಕೆ ಜಜ್ಜಿಹೋಗುತ್ತದೆ ಎಂದು ಜನ ತಿಳಿದಿರುತ್ತಾರೆ. ಹಾಗಲ್ಲ. ಅದು ಮುರಿಯುವುದು ಬಾಗಿದಾಗ. ಚಕ್ರ ಮೇಲೆ ಬಂದಾಗ ಕಾಂಕ್ರೀಟಿನ ಹಲಗೆ, ಅಂದರೆ ಸ್ಲ್ಯಾಬ್, ತುಸು ಬಾಗುತ್ತದೆ, ಕೆಳಮೈ ಎಳೆದಂತಾಗಿ ಬಿರಿಯುತ್ತದೆ. ಹಾಗಾಗಿ ನಮ್ಮ ಲೆಕ್ಕವೆಲ್ಲ ಬಾಗನ್ನು ತಡೆಯುವ ಶಕ್ತಿಯ ಮೇಲೆ. ಅದಕ್ಕೆ ತಕ್ಕಂತೆ ದಪ್ಪ, ಅಡಿಯಲ್ಲಿ ಗಟ್ಟಿಸಿದ ಜಲ್ಲಿಯ ಹಾಸು, ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗುವಾಗ ಕಂಡಕಂಡಲ್ಲಿ ಬಿರಿಯದಿರಲು ನಾವೇ ಕೊಯ್ದು ಬಿಡುವ ಜಾಯಿಂಟುಗಳು. ಕಲ್ಲುಬೈಲು ಏರಿಗೆ ಎಂಟು ಅಂಗುಲ ದಪ್ಪದ, ಎಂ-30 ದರ್ಜೆಯ ಕಾಂಕ್ರೀಟ್. ಅಂದರೆ ಇಪ್ಪತ್ತೆಂಟು ದಿನ ತೇವದಲ್ಲಿಟ್ಟು ಯಂತ್ರದಲ್ಲಿ ಒತ್ತಿದರೆ ಒಂದೊಂದು ಚದರ ಮಿಲಿಮೀಟರಿಗೆ ಮೂವತ್ತು ನ್ಯೂಟನ್ ತಡೆಯಬೇಕು. ಹಸಿ ಇರುವಾಗಲೇ ಪೊರಕೆಯಿಂದ ಅಡ್ಡಗೆರೆ ಎಳೆಯಬೇಕು, ಚಕ್ರಕ್ಕೆ ಹಿಡಿತ ಸಿಗಲೆಂದು. ಒಳಬದಿಯಲ್ಲಿ ಚರಂಡಿ. ಇಷ್ಟು ಸರಿಯಾಗಿ ಮಾಡಿದರೆ ಅಂಥ ರಸ್ತೆ ಮೂವತ್ತು ವರ್ಷ ಬಾಳುತ್ತದೆ.

ನೀರಿನ ಬಗ್ಗೆ ನಮ್ಮ ವೃತ್ತಿಯಲ್ಲಿ ಹಳೆಯದೊಂದು ನಿಯಮವಿದೆ: ಕುಡಿಯಲು ಯೋಗ್ಯವಾದ ನೀರು ಕಾಂಕ್ರೀಟಿಗೂ ಯೋಗ್ಯ. ಪರೀಕ್ಷೆ ಬೇರೆ ಇದ್ದೇ ಇದೆ. ಏರಿನ ಕೆಳಗೆ ಹರಿಯುವ ಹಳ್ಳದ ನೀರನ್ನು ಕೆಲಸಕ್ಕೆ ಮೊದಲೇ ಪ್ರಯೋಗಾಲಯಕ್ಕೆ ಕಳಿಸಿದ್ದೆವು, ಒಳ್ಳೆಯ ನೀರೆಂದು ವರದಿ ಬಂದಿತ್ತು. ಊರಿನ ನಲ್ಲಿಗೂ ಅದೇ ಹಳ್ಳದ ನೀರು.

ಗುತ್ತಿಗೆದಾರ ಅಶೋಕ ಚಿಕ್ಕಮಗಳೂರಿನವನು. ಕೆಲಸ ಬಲ್ಲವನೇ. ಆದರೆ ಯಾವಾಗಲೂ ಅವಸರ, ಕುಡಿಯುವ ಕಾಫಿಯನ್ನೂ ನಿಂತೇ ಮುಗಿಸುವ ಪೈಕಿ. ಜನವರಿಯಲ್ಲಿ ಹಳೆಯ ಕಲ್ಲುಹಾಸು ಕಿತ್ತು ಬುಡ ಗಟ್ಟಿ ಮಾಡಿದೆವು. ಏರು ಮುಚ್ಚಿದ ಮೇಲೆ ಊರವರ ಜೀಪುಗಳಿಗೆ ದಾರಿ ಬೇಕಲ್ಲ? ಪಕ್ಕದ ಎಸ್ಟೇಟಿನ ಉಮೇಶ ಗೌಡರು ತಮ್ಮ ತೋಟದೊಳಗಿನ ಮಣ್ಣುದಾರಿಯ ಗೇಟು ತೆಗೆಸಿಕೊಟ್ಟರು. ಅದು ಬೇಸಿಗೆಗೆ ಮಾತ್ರ ಆಗುವ ದಾರಿ. ಮಳೆ ಬಿದ್ದರೆ ಅಲ್ಲಿ ಟ್ರಾಕ್ಟರೂ ಹೂತುಹೋಗುತ್ತದೆ ಎಂದು ಗೌಡರೇ ಎಚ್ಚರಿಸಿದ್ದರು. ಮಳೆಗಾಲದೊಳಗೆ ಏರು ಮುಗಿಯುತ್ತದೆ ಎಂದು ನಾನು ಭರವಸೆ ಕೊಟ್ಟೆ.

ಕೆಳಗಿನಿಂದ ಮೇಲಕ್ಕೆ ಕಾಂಕ್ರೀಟ್ ಹಾಕುತ್ತ ಹೋದರು. ಸ್ಥಳದಲ್ಲೇ ಮಿಕ್ಸರ್. ಸುಂದರ ತನ್ನ ಜೀಪಿನ ಹಿಂದೆ ಟ್ರೈಲರ್ ಕಟ್ಟಿ, ಅದರ ಮೇಲೊಂದು ಪ್ಲಾಸ್ಟಿಕ್ ಟ್ಯಾಂಕ್ ಇಟ್ಟು ನೀರು ತರುತ್ತಿದ್ದ. ಆ ಕೆಲಸವನ್ನು ಅವನೇ ಕೇಳಿ ಪಡೆದಿದ್ದ. ನಮ್ಮ ಮನೆ ದಾರಿಗೆ ನಾನೇ ನೀರು ತರ್ತೇನೆ ಎಂದು ಅಶೋಕನ ಬೆನ್ನು ಬಿದ್ದಿದ್ದನಂತೆ. ಡಯಾಲಿಸಿಸ್ ದಿನಗಳಲ್ಲಿ ಟ್ರೈಲರ್ ಬಿಚ್ಚಿಟ್ಟು ಗಿರಿಜಾಳನ್ನು ಕರೆದೊಯ್ಯುವನು. ಅವಳು ಹೋಗುತ್ತಾ ಬರುತ್ತಾ ಗಾಡಿ ನಿಲ್ಲಿಸಿ, ಒದ್ದೆ ಗೋಣಿಚೀಲ ಹೊದಿಸಿ ಮಲಗಿಸಿದ್ದ ರಸ್ತೆಯನ್ನು ನೋಡುವಳು. ಬಾಣಂತಿಯ ಆರೈಕೆ ನಡೀತಾ ಉಂಟು ಎಂದು ಹಾಸ್ಯ ಮಾಡುವಳು. ಕಾಂಕ್ರೀಟನ್ನು ತೇವದಲ್ಲಿಡುವ ಕ್ಯೂರಿಂಗ್ ಕೆಲಸಕ್ಕೆ ಅಷ್ಟು ಒಳ್ಳೆಯ ಹೋಲಿಕೆಯನ್ನು ನಾನು ಯಾವ ತರಗತಿಯಲ್ಲೂ ಕೇಳಿರಲಿಲ್ಲ.

ಫೆಬ್ರವರಿ ಕೊನೆಗೆ ಹಳ್ಳ ಬತ್ತಿತು. ಊರಿನ ಕುಡಿಯುವ ನೀರಿಗೇ ಸಾಲದಾಯಿತು. ತಿರುವು ಮತ್ತು ಅದರ ಮೇಲಿನ ಭಾಗ ಬಾಕಿ ಇತ್ತು. ಅಶೋಕ ಗೌಡರನ್ನು ಕೇಳಿದ, ಗೌಡರು ತಮ್ಮ ತೋಟದ ಕೆರೆಯಿಂದ ಬೇಕಾದಷ್ಟು ಒಯ್ಯಿರಿ ಎಂದರು. ಅಲ್ಲಿ ನೀರು ಕೇಳಿದವರಿಗೆ ಇಲ್ಲ ಅನ್ನುವ ಪದ್ಧತಿ ಇಲ್ಲ. ಕೊಟ್ಟ ನೀರನ್ನು ಪರೀಕ್ಷೆಗೆ ಕಳಿಸುತ್ತೇನೆ ಅನ್ನುವುದೂ ಮರ್ಯಾದೆಯಲ್ಲ. ಅಶೋಕ ಆ ಮರ್ಯಾದೆಯನ್ನು ಉಳಿಸಿಕೊಂಡ. ನೀರಿನ ಮೂಲ ಬದಲಾದರೆ ತಿಳಿಸಿ ಮತ್ತೆ ಪರೀಕ್ಷೆ ಮಾಡಿಸಬೇಕೆಂಬ ಷರತ್ತು ಅವನಿಗೆ ಗೊತ್ತಿತ್ತು. ಅದಕ್ಕೆ ಒಂದು ವಾರ ಹೋಗುತ್ತದೆ ಎಂಬುದೂ ಗೊತ್ತಿತ್ತು. ಕೆರೆಯ ನೀರು ಸ್ವಲ್ಪ ಕಂದಾಗಿತ್ತು. ಎಲೆ ಕೊಳೆತ ಬಣ್ಣ ಎಂದುಕೊಂಡರು, ಮಲೆನಾಡಿನ ಕೆರೆಗಳೆಲ್ಲ ಹಾಗೇ ಇರುತ್ತವೆ.

ಒಂದು ಬೆಳಿಗ್ಗೆ ಅಶೋಕನ ಫೋನು ಬಂತು. "ಮೇಡಂ, ಕಾಂಕ್ರೀಟ್ ಯಾಕೋ ಸೆಟ್ ಆಗ್ತಾ ಇಲ್ಲ. ಚಳಿಗೆ ಇರ್ಬೋದು, ಒಂದ್ಸಲ ಬನ್ನಿ."

ಕಾಂಕ್ರೀಟ್ ಹಾಕಿದ ಮರುದಿನ ಅದರ ಮೇಲೆ ಮನುಷ್ಯ ನಡೆಯುವಂತಿರಬೇಕು. ಎಷ್ಟು ದಿನದಿಂದ ಹೀಗಾಗಿದೆ ಎಂದು ಕೇಳಿದೆ. ಎರಡು ಮೂರು ದಿನ ಎಂದು ತೊದಲಿದ. ಅಂದರೆ ಸೆಟ್ ಆಗದ್ದನ್ನು ನೋಡಿದ ಮೇಲೂ ಮುಂದಿನದನ್ನು ಹಾಕಿದ್ದ. ದಾರಿಯುದ್ದಕ್ಕೂ ಜೀಪಿನಲ್ಲಿ ಕೂತು ಅವನನ್ನು ಮನಸ್ಸಿನಲ್ಲೇ ಬೈಯುತ್ತಾ ಹೋದೆ. ಇಳಿದು ನೋಡಿದ ಮೇಲೆ ಬೈಯುವ ಶಕ್ತಿಯೂ ಉಳಿಯಲಿಲ್ಲ.

ಕೆಳಭಾಗದ ಹಲಗೆಗಳು ಕಲ್ಲಿನಂತಿದ್ದವು. ತಿರುವಿಗೆ ಬರುತ್ತಿದ್ದಂತೆ ನನ್ನ ಚಪ್ಪಲಿಯ ಹಿಮ್ಮಡಿ ಮೆತ್ತಗೆ ಒಳಗಿಳಿಯಿತು. ಅಷ್ಟು ಕಡಿದಾದ ಏರಿನಲ್ಲಿ ಗಟ್ಟಿಯಾಗದೆ ಉಳಿದ ಕಾಂಕ್ರೀಟ್ ತನ್ನ ಭಾರಕ್ಕೆ ತಾನೇ ಕೆಳಗೆ ಜಾರಿತ್ತು. ಪೊರಕೆಯ ನೇರ ಗೆರೆಗಳು ನಡುವೆ ಜೋತುಬಿದ್ದಿದ್ದವು. ಮೇಲ್ತುದಿಯಲ್ಲಿ ರಸ್ತೆಯ ಅಗಲಕ್ಕೂ ಬಿರುಕು, ಒಂದೊಂದರಲ್ಲಿ ಬೆರಳು ತೂರಿಸಬಹುದಿತ್ತು. ಕೂತು ಒಂದು ಚೂರು ಕಿತ್ತು ಮೂಸಿದೆ. ಸಿಮೆಂಟಿನ ವಾಸನೆಯ ಕೆಳಗೆ ಹುಳಿಹುಳಿಯಾದ ಇನ್ನೊಂದು ವಾಸನೆ. ಕೊಯ್ಲಿನ ಕಾಲದಲ್ಲಿ ಮೂಡಿಗೆರೆಯಿಂದ ಕಳಸದವರೆಗೆ ಗಾಳಿಯಲ್ಲೇ ಇರುವ ವಾಸನೆ ಅದು, ಕಾಫಿ ಹಣ್ಣಿನ ಸಿಪ್ಪೆ ಕೊಳೆಯುವ ವಾಸನೆ. ಎಲ್ಲಿಂದ ನೀರು ತಂದಿರಿ ಎಂದೆ. ಅಶೋಕ ಗುಡ್ಡದ ಕಡೆ ನೋಡಿದ.

ಸುಂದರನೇ ನಮ್ಮನ್ನು ಕೆರೆಗೆ ಕರೆದೊಯ್ದ. ಸುದ್ದಿ ಮುಟ್ಟಿ ಉಮೇಶ ಗೌಡರೂ ಬಂದರು. ಕೆರೆಯ ಮೇಲ್ದಂಡೆಯಲ್ಲಿ ಹೊಸದಾಗಿ ತೋಡಿದ ಒಂದು ಗುಂಡಿ ಇತ್ತು. ಗುಂಡಿ ತುಂಬಿ, ಹುಲ್ಲಿನ ಅಡಿಯಿಂದ ಸಣ್ಣಗೆ ಜಿನುಗಿ ಕೆರೆಗೆ ಇಳಿಯುತ್ತಿತ್ತು. ಕಣ್ಣಿಗೆ ಬೀಳುವಂಥದ್ದೇನೂ ಅಲ್ಲ, ಬೆರಳಷ್ಟು ಧಾರೆ. ಗುಂಡಿಯಲ್ಲಿದ್ದದ್ದು ಪಲ್ಪರ್ ನೀರು.

ಪಲ್ಪರ್ ಅಂದರೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ. ಸಿಪ್ಪೆ ಸುಲಿದ ಬೀಜಕ್ಕೆ ಲೋಳೆ ಅಂಟಿರುತ್ತದೆ, ಅದನ್ನು ತೊಳೆದು ಒಣಗಿಸಿದರೆ ಪಾರ್ಚ್‌ಮೆಂಟ್ ಕಾಫಿ. ತೊಳೆದ ನೀರಿನಲ್ಲಿ ಹಣ್ಣಿನ ಸಕ್ಕರೆ ಇರುತ್ತದೆ. ಸಿಮೆಂಟಿಗೆ ಸಕ್ಕರೆಯಷ್ಟು ದೊಡ್ಡ ವೈರಿ ಬೇರೆ ಇಲ್ಲ. ಒಂದು ಮೂಟೆ ಸಿಮೆಂಟಿಗೆ ಒಂದು ಹಿಡಿ ಸಕ್ಕರೆ ಬಿದ್ದರೆ ಸಾಕು, ಅದು ಗಟ್ಟಿಯಾಗುವುದನ್ನೇ ಮರೆಯುತ್ತದೆ. ಬಯಲುಸೀಮೆಯ ಮೂವತ್ತು ವರ್ಷದ ಸೇವೆಯಲ್ಲಿ ನನಗೆ ಉಪ್ಪುನೀರು ಎದುರಾಗಿತ್ತು, ಚರಂಡಿ ನೀರೂ ಎದುರಾಗಿತ್ತು. ಸಕ್ಕರೆ ನೀರು ಇದೇ ಮೊದಲು.

ಗೌಡರಿಗೆ ಇದನ್ನು ವಿವರಿಸಿದೆ. ನನ್ನ ದನಿ ಏರಿತ್ತೆಂದು ಕಾಣುತ್ತದೆ. ಅವರು ಪೂರ್ತಿ ಕೇಳಿಸಿಕೊಂಡರು. ಒರಟು ಮನುಷ್ಯರಲ್ಲ. ಕೊನೆಗೆ ಹೇಳಿದರು: "ಮೇಡಂ, ವರ್ಷಾ ವರ್ಷಾ ಈ ನೀರು ಹಳ್ಳಕ್ಕೇ ಹೋಗ್ತಿತ್ತು. ಊರವ್ರು ಕುಡಿಯೋ ನೀರು ಹಾಳಾಗ್ತದೆ, ಹೆಂಡ್ತಿಗೆ ಬೇರೆ ಹುಷಾರಿಲ್ಲ, ಬಿಡಬೇಡಿ ಗೌಡ್ರೆ ಅಂತ ಈ ಸುಂದ್ರನೇ ಬಂದು ಕೇಳ್ಕೊಂಡ. ನ್ಯಾಯ ಅನ್ನಿಸ್ತು. ಈ ವರ್ಷ ಗುಂಡಿ ತೋಡ್ಸಿ ಇತ್ಲಾಗೆ ತಿರುಗಿಸಿದ್ವಿ."

ಸುಂದರ ಟ್ರೈಲರಿಗೆ ಒರಗಿ ನಿಂತಿದ್ದ. ಅವನ ಮುಖ ನೋಡಲಾರದೆ ನಾನು ಗುಂಡಿಯನ್ನೇ ನೋಡುತ್ತಾ ನಿಂತೆ. ಹೆಂಡತಿಯ ನೀರು ಶುದ್ಧವಿರಲಿ ಎಂದು ಅವನೇ ಅದನ್ನು ಹಳ್ಳದಿಂದ ತಪ್ಪಿಸಿದ್ದ. ಹೆಂಡತಿಯ ದಾರಿ ಬೇಗ ಆಗಲಿ ಎಂದು ಅವನೇ ಅದನ್ನು ಟ್ಯಾಂಕಿನಲ್ಲಿ ತುಂಬಿ ತಂದಿದ್ದ.

ಇಂಥ ಕಾಂಕ್ರೀಟ್ ಕೆಲವು ಸಲ ತಡವಾಗಿ ಚೇತರಿಸಿಕೊಳ್ಳುವುದುಂಟು. ಹಾಗಾಗಿ ಕೂಡಲೇ ತೀರ್ಪು ಕೊಡದೆ ಗೋಣಿ ಹೊದಿಸಿ, ಒಳ್ಳೆಯ ನೀರನ್ನು ದೂರದಿಂದ ತರಿಸಿ, ಇಪ್ಪತ್ತೆಂಟು ದಿನ ಕಾದೆವು. ವಾರ ಕಳೆದ ಮೇಲೆ ಅದು ಗಟ್ಟಿಯಾದಂತೆ ಕಂಡಿತು. ಜನ ಅದರ ಮೇಲೆ ಓಡಾಡಿ ನೋಡಿ, ಆಯ್ತಲ್ಲ ಮೇಡಂ ಎಂದರು. ಕೋರ್ ಕೊಯ್ದೆವು. ಕೋರ್ ಅಂದರೆ ರಸ್ತೆಯ ಮೈಯಿಂದಲೇ ಕೊಳವೆಯಾಕಾರದ ತುಂಡು ಕೊರೆದು ತೆಗೆದು ಯಂತ್ರದಲ್ಲಿ ಒತ್ತಿ ನೋಡುವುದು. ಮೂವತ್ತು ಬೇಕಿದ್ದಲ್ಲಿ ಅರ್ಧವೂ ಬರಲಿಲ್ಲ. ಒಂದು ತುಂಡು ಕೊರೆಯುವಾಗಲೇ ಎರಡಾಗಿ ಕೈಗೆ ಬಂತು.

ಒಡೆಯಬೇಕು ಎಂದು ಬರೆದೆ. ಬರೆದ ಮೇಲೆ ಶುರುವಾಯಿತು ನೋಡಿ ತಕರಾರು. ಬಿರುಕಿಗೆ ಸಿಮೆಂಟ್ ತಿಳಿ ಸುರಿದು ಮೇಲೊಂದು ಡಾಂಬರು ಪದರ ಎಳೆದುಬಿಡೋಣ ಎಂದು ಅಶೋಕ. ಉದ್ಘಾಟನೆಯ ದಿನ ಗೊತ್ತಾಗಿದೆ, ಒಂದು ಮಳೆಗಾಲ ನೋಡಿ ಆಮೇಲೆ ಯೋಚಿಸಿ ಎಂದು ಮೇಲಿನವರು. ಇಷ್ಟು ಚಿಕ್ಕ ಊರಿನ ದಾರಿಗೆ ಇಷ್ಟೊಂದು ಶಾಸ್ತ್ರ ಯಾಕೆ ಎಂದು ಮೂಗು ಮುರಿದವರೂ ಇದ್ದರು. ಅವರಿಗೆಲ್ಲ ಉತ್ತರ ಕೊಡುವುದು ಕಷ್ಟವಾಗಲಿಲ್ಲ. ಕಷ್ಟವಾದದ್ದು ಸುಂದರನಿಗೆ ಉತ್ತರ ಕೊಡುವುದು.

ಒಂದು ಡಯಾಲಿಸಿಸ್ ದಿನ ಅವನು ಗಿರಿಜಾಳನ್ನು ಆಸ್ಪತ್ರೆಯಲ್ಲಿ ಮಲಗಿಸಿ ನನ್ನ ಕಚೇರಿಗೆ ಬಂದ. ಕೂರಿ ಎಂದರೂ ಕೂರಲಿಲ್ಲ.

"ಒಡೀಬೇಡಿ ಮೇಡಂ. ಈಗ ಒಡೆದ್ರೆ ಮಳೆ ಒಳಗೆ ಆಗಲ್ಲ. ಕಲ್ಲೂ ಕಿತ್ತಾಯ್ತು. ಚೈನ್ ಕಟ್ಟಿದ್ರೂ ಕಚ್ಚಲಿಕ್ಕೆ ಎಂತ ಉಂಟು ಅಲ್ಲಿ?"

ಆ ಹಲಗೆ ತುಂಬಿದ ಜೀಪನ್ನು ತಡೆಯುವುದಿಲ್ಲ, ಮೊದಲ ದೊಡ್ಡ ಮಳೆಗೆ ಬಿರುಕಿನಲ್ಲಿ ನೀರಿಳಿದು ಬುಡ ತೊಳೆದುಹೋಗುತ್ತದೆ, ತಿರುವಿನಲ್ಲಿ ತುಂಡಾದರೆ ಗಾಡಿ ಸಮೇತ ಕಣಿವೆಗೆ ಹೋಗುತ್ತದೆ ಎಂದು ಹೇಳಿದೆ. ಸರಿಯಾಗಿ ಹಾಕಿದರೆ ಮೂವತ್ತು ವರ್ಷ ಬರುತ್ತದೆ ಎಂದೂ ಹೇಳಿದೆ.

"ಮೂವತ್ತು ವರ್ಷ ಇಟ್ಕೊಂಡು ನಾನೆಂತ ಮಾಡ್ಲಿ ಮೇಡಂ? ಈ ಒಂದು ಮಳೆಗಾಲ ತಡೆದ್ರೆ ಸಾಕು ನಂಗೆ."

ಬೆಳಿಗ್ಗೆ ಸಂಜೆ ಆ ತಿರುವಿನಲ್ಲಿ ತೋಟಕ್ಕೆ ಹೋಗುವ ಹೆಂಗಸರನ್ನೂ ಶಾಲೆಯ ಮಕ್ಕಳನ್ನೂ ತುಂಬಿಕೊಂಡು ಜೀಪುಗಳು ಇಳಿಯುತ್ತವೆ. ಅವನ ಜೀಪೂ ಅವುಗಳಲ್ಲೊಂದು. ಒಬ್ಬಳಿಗಾಗಿ ಉಳಿದವರನ್ನು ಆ ಹಲಗೆಯ ಮೇಲೆ ಬಿಡಲಾರೆ, ಉಳಿದವರ ಜೊತೆ ಅವಳನ್ನೂ ಬಿಡಲಾರೆ. ಹಾಗೆಂದೆ. ಅವನು ತಲೆಯಾಡಿಸಿ ಹೊರಟುಹೋದ. ಕಿಟಕಿಯಿಂದ ನೋಡಿದರೆ ಆಸ್ಪತ್ರೆಯ ಕಡೆಗೆ ನಡೆದು ಹೋಗುತ್ತಿದ್ದ, ಜೀಪು ಕಚೇರಿಯ ಮುಂದೆಯೇ ನಿಂತಿತ್ತು. ಮರೆತಿದ್ದ.

ಒಡೆಯುವ ಅಪ್ಪಣೆಗೆ ಮೇಲಿನಿಂದ ಸಹಿ ಬೀಳುವಷ್ಟರಲ್ಲಿ ಏಪ್ರಿಲ್ ಅರ್ಧ ಕಳೆದಿತ್ತು. ಬ್ರೇಕರ್ ಯಂತ್ರ ಬರುವುದು ಇನ್ನಷ್ಟು ತಡವಾಯಿತು. ಅಶೋಕನ ಸ್ವಂತ ಖರ್ಚಿನ ಕೆಲಸವಾದ್ದರಿಂದ ಅವನ ಹಳೆಯ ಅವಸರವೆಲ್ಲ ಮಾಯವಾಗಿತ್ತು. ದಿನಕ್ಕೆರಡು ಸಲ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದು ಕೆಲಸ ಮಾಡಿಸಿದೆ. ಒಡೆದ ಭಾಗದಲ್ಲಿ ಕೆಳಗಿನ ಒಂದಿಷ್ಟನ್ನು ಮತ್ತೆ ಹಾಕಿದೆವು, ಅದಕ್ಕೆ ಬೇಕಾದ ನೀರನ್ನು ಕೊಟ್ಟಿಗೆಹಾರದ ಕಡೆಯಿಂದ ಲಾರಿಯಲ್ಲಿ ತರಿಸಿದೆವು. ತಿರುವಿನ ನಡುವಿಗೆ ಬರುವ ಹೊತ್ತಿಗೆ ಮಳೆ ಹಿಡಿಯಿತು. ಆ ವರ್ಷ ಅದು ಮೇ ತಿಂಗಳಲ್ಲೇ ಬಂದು ಕೂತುಬಿಟ್ಟಿತು. ಸುರಿವ ಮಳೆಯಲ್ಲಿ ಕಾಂಕ್ರೀಟ್ ಹಾಕಿದರೆ ಸಿಮೆಂಟ್ ತೊಳೆದು ಜಲ್ಲಿ ಮಾತ್ರ ಉಳಿಯುತ್ತದೆ. ಕೆಲಸ ನಿಂತಿತು.

ತಿರುವಿಗೆ ದಪ್ಪ ಕಲ್ಲು, ಜಲ್ಲಿ ತುಂಬಿಸಿ ರೋಲರ್ ಓಡಿಸಿದೆ. ಜೂನ್ ಮುಗಿಯುವುದರೊಳಗೆ ಗುಡ್ಡದ ನೀರು ಅದನ್ನು ಕಣಿವೆಗೆ ಕೊಂಡುಹೋಯಿತು. ಮತ್ತೆ ತುಂಬಿಸಿದೆ, ಮತ್ತೆ ಹೋಯಿತು. ಮಳೆಗಾಲ ಮುಗಿಯುವವರೆಗೆ ಮೂಡಿಗೆರೆಯಲ್ಲಿ ತಮ್ಮ ನೆಂಟರ ಮನೆಯ ಒಂದು ಕೋಣೆ ಬಿಡಿಸಿಕೊಡುತ್ತೇನೆ ಎಂದು ಗೌಡರು ಹೇಳಿದ್ದರು. ಗಿರಿಜಾ ಎರಡು ವಾರ ಇದ್ದು ವಾಪಸ್ ಬಂದಳು. ಒಬ್ಬಳೇ ಇರಲಾಗದು, ಗಂಡ ಜೊತೆಗಿದ್ದರೆ ಜೀಪಿನ ದುಡಿಮೆ ನಿಲ್ಲುತ್ತದೆ. ಮಾರಾಯ್ತಿ, ಹಟ ಮಾಡಬೇಡ ಎಂದು ಊರಿನ ಹೆಂಗಸರು ಬುದ್ಧಿ ಹೇಳಿದರಂತೆ. ಸತ್ತರೂ ಮನೆಯಲ್ಲೇ ಇರುತ್ತೇನೆ ಎಂದಳಂತೆ. ಸುಂದರ ಜೀಪನ್ನು ತಿರುವಿನ ಕೆಳಗೇ ನಿಲ್ಲಿಸತೊಡಗಿದ. ಡಯಾಲಿಸಿಸ್ ದಿನ ಊರಿನ ನಾಲ್ಕು ಜನ ಅವಳನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಮೇಲೆ ಟಾರ್ಪಾಲು ಹಿಡಿದು, ಆ ಕೆಸರು ದಾಟಿಸುತ್ತಿದ್ದರು.

ಜುಲೈನಲ್ಲಿ ಒಂದು ವಾರ ಬಿಡದೆ ಸುರಿಯಿತು. ಕುದುರೆಮುಖದ ಕಡೆ ಬೆಟ್ಟ ಕಾಣಿಸದೆ ಎಷ್ಟೋ ದಿನವಾಗಿತ್ತು. ತಿರುವಿನ ಮೇಲಿನ ಮಣ್ಣು ಜರಿದು ಕೆಸರು ಸೊಂಟದವರೆಗೆ ಬಂದಿತ್ತು, ಕುರ್ಚಿ ದಾಟಲಿಲ್ಲ. ಒಂದು ಸರದಿ ತಪ್ಪಿತು. ಜೆಸಿಬಿ ಕಳಿಸಿದೆ, ಅದು ಕವಲಿನ ಬಳಿಯೇ ಮರ ಬಿದ್ದು ನಿಂತಿತು. ಇನ್ನೊಂದು ಸರದಿಯೂ ತಪ್ಪಿತು. ದೇಹದಲ್ಲಿ ನೀರು ತುಂಬಿ ಅವಳಿಗೆ ಉಸಿರು ಕಟ್ಟತೊಡಗಿದಾಗ, ಮಳೆಯಲ್ಲೇ ಕಂಬಳಿಯಲ್ಲಿ ಕಟ್ಟಿ ತೋಟದ ಒಳಗಿನಿಂದ, ಬಿದ್ದ ಮರದ ಆಚೆಯವರೆಗೂ ಹೊತ್ತುಕೊಂಡು ಇಳಿದರು. ಗೌಡರೂ ಒಂದು ತುದಿ ಹಿಡಿದಿದ್ದರಂತೆ. ಜೀಪು ಕೊಟ್ಟಿಗೆಹಾರ ಮುಟ್ಟುವ ಮೊದಲೇ ಗಿರಿಜಾ ಹೋಗಿಬಿಟ್ಟಳು.

ಮಣ್ಣಿಗೆ ಹೋಗಿದ್ದೆ. ಕಲ್ಲುಬೈಲಿಗೆ ನಾನೂ ಆ ಕೆಸರಿನಲ್ಲೇ ನಡೆದು ಹತ್ತಿದೆ. ಯಾರೂ ನನ್ನನ್ನು ಏನೂ ಅನ್ನಲಿಲ್ಲ, ಒಬ್ಬ ಅಜ್ಜಿ ಕಾಲು ತೊಳೆಯಲು ನೀರು ತಂದುಕೊಟ್ಟಳು. ಬೈದಿದ್ದರೆ ವಾಸಿ ಇತ್ತು. ವಾಪಸ್ ಬರುತ್ತಾ ಅತ್ತೆ.

ಮಳೆಗಾಲ ಮುಗಿದು ಡಿಸೆಂಬರಿನಲ್ಲಿ ತಿರುವಿನ ಕೆಲಸ ಮತ್ತೆ ಶುರುವಾಯಿತು. ನೀರಿಗೆ ಬೇರೆ ಗಾಡಿ ಮಾಡಿಕೊಳ್ಳಲು ಅಶೋಕನಿಗೆ ಹೇಳಿದ್ದೆ. ಮೊದಲ ದಿನ ಹೋಗಿ ನೋಡಿದರೆ ಟ್ರೈಲರ್ ಕಟ್ಟಿಕೊಂಡು ಸುಂದರನೇ ಬಂದಿದ್ದ. ಬೇಡ ಅನ್ನಲು ಅಶೋಕನಿಗೆ ಬಾಯಿ ಬಂದಿರಲಿಲ್ಲ, ನನಗೂ ಬರಲಿಲ್ಲ. ಸುಂದರ ಸೊರಗಿದ್ದ, ಗಡ್ಡ ಬಿಟ್ಟಿದ್ದ. ಮಿಕ್ಸರಿನ ಸದ್ದು ನಿಂತಾಗ ನನ್ನ ಬಳಿಗೆ ಬಂದ.

"ನಾನು ತಂದ ನೀರೇ ಅಲ್ವಾ ಮೇಡಂ ಅದು?"

ಅಲ್ಲ ಎನ್ನಬಹುದಿತ್ತು. ಅಶೋಕನ ತಲೆಗೆ ಕಟ್ಟಿ ಸುಮ್ಮನಾಗಬಹುದಿತ್ತು. ಆದರೆ ಅವನು ಅಂದು ಕೆರೆಯ ದಂಡೆಯಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡವನು. ಸುಳ್ಳು ಹೇಳಿದರೆ ನಾನು ಸುಳ್ಳು ಹೇಳಿದೆ ಎಂಬುದೂ ಅವನಿಗೆ ಗೊತ್ತಾಗುತ್ತಿತ್ತು.

"ಅದೇ ನೀರು," ಎಂದೆ. "ತಂದವನದ್ದಲ್ಲ ತಪ್ಪು ಸುಂದರ. ನೋಡದೆ ಸುರಿದವರದ್ದು."

ಅವನು ಹೂಂ ಅಂದ. ನಂಬಿದನೋ ಇಲ್ಲವೋ ಗೊತ್ತಿಲ್ಲ. ಪರೀಕ್ಷೆಯ ವರದಿ ಬಂದಿತ್ತು, ಮಳೆ ಕಳೆದ ಹಳ್ಳ ತುಂಬಿ ಹರಿಯುತ್ತಿತ್ತು, ಗೌಡರ ಪಲ್ಪರ್ ನೀರು ಗುಡ್ಡದ ಆಚೆ ಬದಿಯ ಹೊಸ ಗುಂಡಿಗೆ ಹೋಗುತ್ತಿತ್ತು. ಆದರೂ ಸುಂದರ ಪ್ರತಿ ಸಲ ಟ್ಯಾಂಕಿನ ನಲ್ಲಿ ಬಿಡುವ ಮೊದಲು ಬೊಗಸೆ ಒಡ್ಡಿ ಒಂದು ಗುಟುಕು ಕುಡಿಯುತ್ತಿದ್ದ. ಒಂದು ಕ್ಷಣ ಬಾಯಲ್ಲಿಟ್ಟುಕೊಂಡು ನುಂಗುತ್ತಿದ್ದ. ಆಮೇಲೆ ಮಿಕ್ಸರಿನವನ ಕಡೆ ತಿರುಗಿ, ಹೊಯ್ಯಿ ಎನ್ನುತ್ತಿದ್ದ. ಮೊದಲ ದಿನ ಕೆಲಸದವರು ಅವನನ್ನು ವಿಚಿತ್ರವಾಗಿ ನೋಡಿದರು. ಎರಡನೆಯ ದಿನದಿಂದ ಅವನು ಕುಡಿದು ಹೇಳುವವರೆಗೆ ಯಾರೂ ಮಿಕ್ಸರ್ ತಿರುಗಿಸುತ್ತಿರಲಿಲ್ಲ.

ಈ ಪ್ರಕರಣ ನನಗೆ ಕಲಿಸಿದ್ದನ್ನು ಹೇಳಿ ಮುಗಿಸುತ್ತೇನೆ.

ಒಡೆಸಿದ್ದು ಸರಿ. ಇವತ್ತೂ ಒಡೆಸುತ್ತೇನೆ. ಆದರೆ ಸರಿಯಾದದ್ದನ್ನು ಮಾಡಿದರೆ ಒಳ್ಳೆಯದೇ ಆಗುತ್ತದೆ ಎಂಬ ನಂಬಿಕೆಯನ್ನು ಆ ತಿರುವಿನಲ್ಲಿ ಬಿಟ್ಟುಬಂದೆ. ಆಮೇಲೆ ಉಳಿದ ಸೇವೆಯಲ್ಲಿ ಎಲ್ಲಿಗೆ ಹೋದರೂ ಎರಡು ಪ್ರಶ್ನೆ ಕೇಳುತ್ತಿದ್ದೆ. ಮೇಲಿನ ತೋಟದಲ್ಲಿ ಈ ತಿಂಗಳು ಏನು ತೊಳೆಯುತ್ತಿದ್ದಾರೆ? ಈ ದಾರಿ ಯಾರಿಗೆ, ಯಾವ ದಿನಕ್ಕೆ ಬೇಕು? ಇವೆರಡಕ್ಕೂ ನಮ್ಮ ವಿನ್ಯಾಸದ ಪುಸ್ತಕಗಳಲ್ಲಿ ಜಾಗವಿಲ್ಲ. ರಸ್ತೆಯ ಬಾಳಿಕೆಯನ್ನು ನಾವು ವರ್ಷಗಳಲ್ಲಿ ಬರೆಯುತ್ತೇವೆ, ಅದಕ್ಕಾಗಿ ಕಾಯುವವರು ಮುಂದಿನ ಸೋಮವಾರವನ್ನು ನೋಡುತ್ತಿರುತ್ತಾರೆ. ನನ್ನ ಕೈಕೆಳಗಿನ ಕಿರಿಯರು, ಮೇಡಮ್ಮನ ಕಾಫಿ ಪ್ರಶ್ನೆ ಬಂತು ಎಂದು ನಗುತ್ತಿದ್ದರು. ನಗಲಿ, ಕೇಳಿದರೆ ಸಾಕು.

ನಿವೃತ್ತಿಗೆ ಮುಂಚಿನ ಕೊನೆಯ ಮಳೆಗಾಲದಲ್ಲಿ ತಪಾಸಣೆಗೆಂದು ಮತ್ತೆ ಕಲ್ಲುಬೈಲಿಗೆ ಹೋದೆ. ಇಲಾಖೆಯ ಗಾಡಿ ಕವಲಿನಲ್ಲಿ ಕೆಟ್ಟಿತ್ತು. ಸುಂದರನ ಜೀಪು ಸಿಕ್ಕಿತು. ಮುಂದಿನ ಸೀಟಿನಲ್ಲಿ ಕೂತೆ. ಮಳೆ ಜೋರಾಗಿ ಹೊಡೆಯುತ್ತಿತ್ತು, ಚರಂಡಿಯಲ್ಲಿ ನೀರು ಕೆಂಪಗೆ ಓಡುತ್ತಿತ್ತು, ರಸ್ತೆಯ ಮೇಲೆ ಒಂದು ಗೆರೆ ಬಿರುಕಿಲ್ಲ. ತಿರುವಿಗೆ ಬಂದಾಗ ಅವನು ಗಾಡಿಯನ್ನು ನಿಧಾನ ಮಾಡಿದ. ಚಕ್ರಕ್ಕೆ ಚೈನ್ ಕಟ್ಟಿರಲಿಲ್ಲ.

"ಸದ್ದೇ ಇಲ್ಲ ನೋಡಿ ಮೇಡಂ," ಎಂದ.

ಹೌದು ಎಂದೆ. ನಮ್ಮಿಬ್ಬರ ನಡುವಿನ ಸೀಟಿನಲ್ಲಿ ಆ ಹಳೆಯ ದಿಂಬು ಇನ್ನೂ ಇತ್ತು.